ವೈನ್ ದ್ರಾಕ್ಷಿ ಬೆಳೆಗಾರರ ಮನವಿ: ಒಂದೇ ಪುಟದಲ್ಲಿ ಮೊದಲು ಏನು ಕೇಳಬೇಕು?

ತೂಬಗೆರೆ_ತೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ದೊಡ್ಡಬಳ್ಳಾಪುರ ತಾಲೂಕು, ತೂಬಗೆರೆ ಹೋಬಳಿ. ನಂದಿ ಬೆಟ್ಟದ ಈ ಬದಿ. ಮೂರು ಎಕರೆ ದ್ರಾಕ್ಷಿ ಇದೆ. ಎರಡು ಎಕರೆ ಕ್ಯಾಬರ್ನೆ, ಒಂದು ಎಕರೆ ಶಿರಾಜ್, ಎರಡೂ ವೈನ್ ತಳಿ. ಹಾಕಿದ್ದು ಅಪ್ಪ. ಅವರಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ವೈನ್ ಕುಡಿಯುವುದಿಲ್ಲ. ಅದರ ಬಗ್ಗೆ ಇರುವ ಜೋಕುಗಳನ್ನೆಲ್ಲ ಊರಿನವರು ಮಾಡಿ ಮುಗಿಸಿದ್ದಾರೆ, ನೀವು ಕಷ್ಟಪಡಬೇಡಿ.

ವಿಷಯ ಇಷ್ಟು. ಮುಂದಿನ ತಿಂಗಳು ಜಿಲ್ಲಾ ಉಸ್ತುವಾರಿ ಸಚಿವರು ತಾಲೂಕಿಗೆ ಬರುತ್ತಾರೆ. ಸುತ್ತಮುತ್ತಲಿನ ವೈನ್ ದ್ರಾಕ್ಷಿ ಬೆಳೆಗಾರರೆಲ್ಲ ಸೇರಿ ಒಂದು ಮನವಿ ಕೊಡೋಣ ಅಂತ ತೀರ್ಮಾನ ಆಗಿದೆ. ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಮೊನ್ನೆ ಡೇರಿ ಕಟ್ಟಡದಲ್ಲಿ ಕೂತು ಪಟ್ಟಿ ಮಾಡಿದೆವು. ಒಬ್ಬರಿಗೆ ಡ್ರಿಪ್ ಸಬ್ಸಿಡಿ ಬೇಕು, ಒಬ್ಬರಿಗೆ ವೈನ್ ಮೇಲಿನ ತೆರಿಗೆ ಇಳಿಯಬೇಕು, ಇನ್ನೊಬ್ಬರಿಗೆ ಹೆದ್ದಾರಿ ಪಕ್ಕ ವೈನ್ ಟಾವರ್ನ್ (ವೈನ್ ಮಾರುವ ಅಂಗಡಿ) ಲೈಸೆನ್ಸ್ ಬೇಕು. ಕೊನೆಗೆ ಅದು ಮದುವೆ ಸಾಮಾನಿನ ಚೀಟಿ ತರ ಆಯ್ತು. ಅಷ್ಟು ಉದ್ದದ ಮನವಿಯನ್ನು ಯಾವ ಸಚಿವರು ಓದುತ್ತಾರೆ? ಪಿಎ ಕೈಗೆ ಹೋಗುತ್ತದೆ, ಅಲ್ಲಿಂದ ಫೈಲಿಗೆ.

ನನಗೆ ನಿಜವಾಗಿ ಕಾಡುತ್ತಿರುವುದು ಏನು ಅಂತ ಹೇಳುತ್ತೇನೆ. ಫೆಬ್ರವರಿ ಕೊನೆಯಲ್ಲಿ ವೈನರಿಯಿಂದ ಒಬ್ಬ ಹುಡುಗ ಬಂದ. ಐದಾರು ಗೊನೆಗಳಿಂದ ಹಣ್ಣು ಬಿಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿವುಚಿದ. ಒಂದು ಹನಿ ರಸವನ್ನು, ಸಕ್ಕರೆ ಅಂಶ ಅಳೆಯುವ ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದ. 20.5 ಅಂದ. ಒಪ್ಪಂದದಲ್ಲಿ ಇರುವುದು 22. ಅವನು ಬಿಡಿಸಿದ್ದೆಲ್ಲ ಎಲೆ ಮರೆಯ ಗೊನೆಗಳಿಂದ. ನಾನು ಅದೇ ಸಾಲಿನಲ್ಲಿ ಬಿಸಿಲು ಬೀಳುವ ಕಡೆಯ ಹಣ್ಣು ಬಿಡಿಸಿ ಕೊಟ್ಟೆ. 22.4 ಬಂತು. "ಮೇಡಂ, ನಾನು ನನ್ನ ಸ್ಯಾಂಪಲ್ಲೇ ಬರ್ಕೋಬೇಕು, ಇನ್ನೊಂದು ವಾರ ಬಿಡಿ" ಅಂದ.

ಬಿಡಿ ಅನ್ನುವುದು ಸುಲಭ. ಹಣ್ಣು ಬಳ್ಳಿಯಲ್ಲೇ ಇದ್ದಷ್ಟೂ ಸಕ್ಕರೆ ಏರುತ್ತದೆ, ನೀರು ಆರಿ ತೂಕ ಇಳಿಯುತ್ತದೆ. ಅವರಿಗೆ ಬೇಕಾದ್ದು ಸಕ್ಕರೆ, ನಮಗೆ ದುಡ್ಡು ಸಿಗುವುದು ತೂಕದ ಮೇಲೆ. ಆ ವಾರದ ಕೊನೆಗೆ ಮಳೆ ಬಂತು. ಹಣ್ಣು ಬಿರಿಯಿತು, ಜೇನುಹುಳ ಮುತ್ತಿತು. ಆಮೇಲೆ "ಕ್ವಾಲಿಟಿ ಕಡಿತ" ಅಂತ ಕೆಜಿಗೆ ಇಷ್ಟು ಅಂತ ಹಿಡಿದುಕೊಂಡರು. ಎಷ್ಟು ಅಂತ ಇಲ್ಲಿ ಬರೆಯುವ ಹಾಗಿಲ್ಲ, ದರ ಹೊರಗೆ ಹೇಳಬಾರದು ಅಂತಲೂ ಒಪ್ಪಂದದಲ್ಲಿದೆ. ಮಾರ್ಚ್‌ನಲ್ಲಿ ಕೊಟ್ಟ ಹಣ್ಣಿನ ದುಡ್ಡು ಪೂರ್ತಿ ಕೈಗೆ ಬಂದಿದ್ದು ದೀಪಾವಳಿ ಹೊತ್ತಿಗೆ. ಅಷ್ಟರಲ್ಲಿ ಮುಂದಿನ ಬೆಳೆಯ ಪ್ರೂನಿಂಗ್‌ಗೆ ಆಳು ಕರೆಯಬೇಕಿತ್ತು. ಚಿನ್ನ ಇಟ್ಟು ಕರೆದೆವು.

ಪಕ್ಕದ ತೋಟದವರು ಈ ಸಲ ಬಳ್ಳಿ ಕೀಳಿಸಿ ಜಮೀನನ್ನು ಲೇಔಟಿಗೆ ಕೊಟ್ಟರು. ನಾನು ಅವರನ್ನು ಬೈಯುವುದಿಲ್ಲ. ಆದರೆ ಹೀಗೇ ಒಂದೊಂದಾಗಿ ಹೋದರೆ, ಉಳಿದ ನಾಲ್ಕು ತೋಟಕ್ಕೋಸ್ಕರ ವೈನರಿಯವರು ಲಾರಿ ಯಾಕೆ ಕಳಿಸುತ್ತಾರೆ?

ಒಂದು ಪುಟ. ಮೊದಲನೇ ಬೇಡಿಕೆ ಏನಿರಬೇಕು? ಅನುಭವ ಇರುವವರು ಹೇಳಿ.

---

ಮಣೂಕದ_ಮಾವ ಬರೆದದ್ದು:

ತಂಗೀ, ನಾನು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯವನು. ನಿನ್ನ ಬ್ರಿಕ್ಸ್ ಮೀಟರಿನ ಕಥೆ ಓದಿ ನಗೂ ಬಂತು, ಸಿಟ್ಟೂ ಬಂತು. ಆ ಹುಡುಗನ ಅಣ್ಣ ನಮ್ಮ ತೋಟಕ್ಕೆ ಬಂದಿದ್ದ ಅನ್ನಿಸುತ್ತದೆ!

2007ರಲ್ಲಿ ರಾಜ್ಯದ ವೈನ್ ನೀತಿ ಬಂದಾಗ ನಮ್ಮ ಕಡೆಯೂ ಭಾರೀ ಹುರುಪು ಇತ್ತು. ಕೃಷ್ಣಾ ಕಣಿವೆ ಅಂದರು, ವೈನಿಗೆ ಹೆಸರಾದ ನಾಸಿಕ್ ತೋರಿಸಿದರು. ನಾನೂ ಎರಡು ಎಕರೆ ಶಿರಾಜ್ ಹಾಕಿದೆ. ಗಡಿಯಾಚೆಯ ಒಂದು ವೈನರಿ ಜೊತೆ ಒಪ್ಪಂದ. ಮೊದಲ ಬೆಳೆ ಒಯ್ದರು. ಅಷ್ಟರಲ್ಲಿ 2008ರ ಕೊನೆ ಬಂತು. ಜಗತ್ತಿನಲ್ಲೆಲ್ಲ ಆರ್ಥಿಕ ಹಿಂಜರಿತ, ಮುಂಬೈ ಮೇಲೆ ದಾಳಿ, ಹೋಟೆಲುಗಳು ಖಾಲಿ, ವೈನ್ ಟ್ಯಾಂಕುಗಳಲ್ಲೇ ಉಳಿಯಿತು. ನಾಸಿಕ್‌ನವರೇ ಎಕರೆಗಟ್ಟಲೆ ಬಳ್ಳಿ ಕಿತ್ತರು. ನನಗೆ ಕೊಟ್ಟ ಚೆಕ್ಕು ಬ್ಯಾಂಕಿನಿಂದ ವಾಪಸ್ ಬಂತು. ಕಟಾವಿಗೆ ಬಂದ ಹಣ್ಣು ತೋಟದಲ್ಲೇ ನಿಂತಿತ್ತು.

ಇಲ್ಲಿ ಒಂದು ಮಾತು ತಿಳಿದುಕೊಳ್ಳಬೇಕು. ಥಾಮ್ಸನ್ ಅನ್ನುವ ಬೀಜವಿಲ್ಲದ ದ್ರಾಕ್ಷಿ ಬೆಳೆದವನಿಗೆ ಮೂರು ಬಾಗಿಲು. ತಿನ್ನುವ ಹಣ್ಣಾಗಿ ಮಾರಬಹುದು, ಜ್ಯೂಸಿಗೆ ಕೊಡಬಹುದು, ಏನೂ ಆಗದಿದ್ದರೆ ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ, ನೆರಳಿನ ರ‍್ಯಾಕಿನಲ್ಲಿ ಒಣಗಿಸಿ ಮಣೂಕ (ಒಣದ್ರಾಕ್ಷಿ) ಮಾಡಿ ಕೋಲ್ಡ್ ಸ್ಟೋರೇಜಿನಲ್ಲಿ ಇಡಬಹುದು. ದರ ಬಂದಾಗ ಮಹಾರಾಷ್ಟ್ರದ ತಾಸಗಾಂವಿಗೋ ವಿಜಯಪುರ ಎಪಿಎಂಸಿಗೋ ಒಯ್ಯಬಹುದು. ಶಿರಾಜ್, ಕ್ಯಾಬರ್ನೆಗೆ ಒಂದೇ ಬಾಗಿಲು. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನಲಿಕ್ಕೆ ಯಾರೂ ಕೊಳ್ಳುವುದಿಲ್ಲ, ಒಣಗಿಸಿದರೆ ಬೀಜ ಹಲ್ಲಿಗೆ ಸಿಗುತ್ತದೆ. ಆ ಒಂದು ಬಾಗಿಲಿನ ಕೀಲಿ ವೈನರಿಯವರ ಕೈಯಲ್ಲಿ. ಹಂಗಾಗಿ ಅವರು ಹೇಳಿದ್ದೇ ದರ, ಅವರು ಕೊಟ್ಟಾಗಲೇ ದುಡ್ಡು.

ನಾನು ಮುಂದಿನ ಏಪ್ರಿಲ್ ಚಾಟ್ನಿ (ಪ್ರೂನಿಂಗ್) ಹೊತ್ತಿಗೆ ಡಾಗ್‌ರಿಜ್ ಅನ್ನುವ ತಳಿಯ ಬೇರುಗಿಡ ಹಾಗೇ ಇಟ್ಟು, ಮೇಲಿನದನ್ನು ಕತ್ತರಿಸಿ ಥಾಮ್ಸನ್ ಕಸಿ ಕಟ್ಟಿಸಿದೆ. ಈಗ ಮಣೂಕವೇ ನನ್ನ ಬಾಳು.

ನನ್ನ ಪ್ರಕಾರ ಮೊದಲನೇ ಬೇಡಿಕೆ ಒಂದೇ: ಕಬ್ಬಿನವರಿಗೆ ಇದ್ದದ್ದು ನಮಗೂ ಬೇಕು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ, ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಿ ಕೊಡಬೇಕು ಅಂತ ಇದೆ. ಕಾರ್ಖಾನೆಗಳು ಅದನ್ನು ಮುರಿಯುವುದಿಲ್ಲವೇ? ಮುರಿಯುತ್ತವೆ. ಆದರೆ ಮುರಿದಾಗ ರೈತ ಕೈಯಲ್ಲಿ ಕಾಗದ ಹಿಡಿದು ಡಿಸಿ ಆಫೀಸಿಗೆ ಹೋಗಬಹುದು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನವರು ಧರಣಿ ಕೂತಾಗ ಸರ್ಕಾರವೇ ನಡುವೆ ಬಂದು ಟನ್ನಿಗೆ 3,300 ರೂಪಾಯಿ ಅಂತ ಮಾಡಿತು. ನಾವು ವೈನ್ ದ್ರಾಕ್ಷಿಯವರು ಎಷ್ಟು ಜನ ಕೂತರೆ ಒಂದು ಕ್ರಾಸ್ ತುಂಬುತ್ತದೆ ಹೇಳು? ಅದಕ್ಕೇ ಕಾಗದದಲ್ಲೇ ಗೆಲ್ಲಬೇಕು.

---

ಸುಮ್ನೆ_ಕೇಳಿದೆ ಬರೆದದ್ದು:

ತಪ್ಪು ತಿಳ್ಕೋಬೇಡಿ. ಮದ್ಯ ಮಾಡುವುದಕ್ಕೆ ಬೆಳೆಯುವ ಬೆಳೆಗೆ ಸರ್ಕಾರ ಯಾಕೆ ಸಹಾಯ ಮಾಡಬೇಕು? ನಮ್ಮೂರಲ್ಲಿ ಹೆಂಗಸರು ಬಾರ್ ಮುಚ್ಚಿಸಿ ಅಂತ ಅರ್ಜಿ ಕೊಡುತ್ತಿದ್ದಾರೆ. ಆ ಜಾಗದಲ್ಲಿ ರಾಗಿ, ಹೂವು, ತರಕಾರಿ ಹಾಕಬಹುದಲ್ವಾ?

---

ತೂಬಗೆರೆ_ತೋಟ ಬರೆದದ್ದು:

@ಸುಮ್ನೆ_ಕೇಳಿದೆ, ಈ ಪ್ರಶ್ನೆ ನಮ್ಮ ಸಭೆಯಲ್ಲೂ ಬಂತು, ಕೇಳಿದ್ದು ನಮ್ಮ ಅತ್ತೆಯೇ. ಬಳ್ಳಿ ಹಾಕಿ ಮೂರನೇ ವರ್ಷಕ್ಕೆ ಸರಿಯಾದ ಬೆಳೆ ಬರುತ್ತದೆ. ಕಲ್ಲುಕಂಬ, ತಂತಿ, ಡ್ರಿಪ್ ಎಲ್ಲ ಸೇರಿ ಸಾಲ ಮೈಮೇಲೆ ಇದೆ. ಹೂವಿನ ದರ ಬಿದ್ದರೆ ಮುಂದಿನ ಸಲ ಬೇರೆ ಹೂ ಹಾಕಬಹುದು, ಇದನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ. ನಾವು ಕೇಳುತ್ತಿರುವುದು ಕೊಟ್ಟ ಮಾಲಿಗೆ ದುಡ್ಡು. ಅದನ್ನು ಸಹಾಯ ಅನ್ನುತ್ತೀರಾ?

ಆದರೆ ನಿಮ್ಮ ಮಾತಿನಿಂದ ಒಂದು ಉಪಯೋಗ ಆಯ್ತು. ಟಾವರ್ನ್ ಲೈಸೆನ್ಸ್ ಬೇಡಿಕೆಯನ್ನು ಪಟ್ಟಿಯಿಂದ ತೆಗೆಯುತ್ತಿದ್ದೇನೆ. ಮಹಾರಾಷ್ಟ್ರದಲ್ಲಿ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ವೈನ್ ಮಾರಬಹುದು ಅಂತ ಸಂಪುಟ ಒಪ್ಪಿತು, ರೈತರಿಗೆ ಒಳ್ಳೆಯದಾಗಲಿ ಅಂತ ಕಾರಣ ಕೊಟ್ಟರು. ಅಣ್ಣಾ ಹಜಾರೆ ಉಪವಾಸ ಕೂರುತ್ತೇನೆ ಅಂದರು, ಗಲಾಟೆಯಾಯಿತು, ವಿಷಯ ಅಲ್ಲಿಗೇ ನಿಂತಿತು. ಮಾರಾಟದ ಜಗಳದಲ್ಲಿ ಬೆಳೆಗಾರನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಂಗಡಿ ಎಲ್ಲಿರಬೇಕು ಅನ್ನುವುದು ವೈನರಿಯವರ ತಲೆನೋವು. ಅವರೇ ಕೇಳಿಕೊಳ್ಳಲಿ.

---

ನಿವೃತ್ತ_ತೋಟಗಾರಿಕೆ ಬರೆದದ್ದು:

ಅಮ್ಮಾ, ನಾನು ತೋಟಗಾರಿಕೆ ಇಲಾಖೆಯಲ್ಲಿ ಸಹಾಯಕ ನಿರ್ದೇಶಕನಾಗಿ ನಿವೃತ್ತನಾದವನು. ಇಂಥ ಮನವಿಗಳನ್ನು ಈ ಕಡೆ ಕೂತು ತುಂಬಾ ತೆಗೆದುಕೊಂಡಿದ್ದೇನೆ. ಬಹಳಷ್ಟು ಮನವಿ ಸಾಯುವುದು ತಪ್ಪು ಬಾಗಿಲು ತಟ್ಟಿದ್ದರಿಂದ.

ದ್ರಾಕ್ಷಿ ತೋಟಗಾರಿಕೆ ಇಲಾಖೆಯದು. ದ್ರಾಕ್ಷಿ ಮತ್ತು ವೈನ್ ಮಂಡಳಿಯೂ ಅದರ ಕೆಳಗೇ ಇದೆ. ಆದರೆ ಹಣ್ಣು ವೈನರಿಯ ಗೇಟು ದಾಟಿದ ಕ್ಷಣದಿಂದ ಅದು ಅಬಕಾರಿ ಇಲಾಖೆಯ ಸಾಮಾನು. ಸುಂಕ ಎಷ್ಟು ಅನ್ನುವುದು ಹಣಕಾಸು ಇಲಾಖೆಯ ಕೈಯಲ್ಲಿ, ಬಜೆಟ್ಟಿನಲ್ಲಿ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಹಾಗಾಗಿ ವೈನರಿಯವರು ಬಾಟಲಿ, ಬಿರಡೆ, ಯಂತ್ರಕ್ಕೆಲ್ಲ ಜಿಎಸ್‌ಟಿ ಕಟ್ಟುತ್ತಾರೆ, ಅದು ವಾಪಸ್ ಸಿಗುವುದಿಲ್ಲ. ಅವರ ಗೋಳೂ ಸುಳ್ಳಲ್ಲ. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದ ಮೇಲೆ, ಬಾಟಲಿಗೆ 5 ಡಾಲರ್ ಮೇಲಿನ ವೈನಿನ ಆಮದು ಸುಂಕ 150%ನಿಂದ 100%ಗೆ ಇಳಿಯಿತು, ವರ್ಷ ವರ್ಷ ಇನ್ನೂ ಇಳಿಯುತ್ತಿದೆ. ಈ ಬಿಸಿ ನಿಧಾನಕ್ಕೆ ನಿಮ್ಮ ದರಕ್ಕೇ ತಟ್ಟುತ್ತದೆ. ಆದರೆ ಉಸ್ತುವಾರಿ ಸಚಿವರ ಮುಂದೆ ಇದನ್ನು ಹೇಳಿ ಪ್ರಯೋಜನವಿಲ್ಲ, ಅದು ದೆಹಲಿಯ ವಿಷಯ.

ಹಾಗಾದರೆ ಇಲ್ಲಿ ಆಗುವ ಕೆಲಸ ಯಾವುದು? ವಿಜಯಪುರದವರು ಹೇಳಿದ 14 ದಿನದ ಮಾತು ಸರಿಯಾಗಿದೆ. ಆದರೆ ಅದಕ್ಕೆ ಹೊಸ ಕಾನೂನು ಮಾಡಿ ಅಂತ ಕೇಳಿದರೆ ನಿಮ್ಮ ಮಕ್ಕಳ ಕಾಲಕ್ಕೆ ಬರಬಹುದು. ಸುಲಭದ ದಾರಿ ಒಂದಿದೆ. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಲೈಸೆನ್ಸ್ ನವೀಕರಣ ಜೂನ್ ಒಳಗೆ ಆಗಬೇಕು. ನಿಮ್ಮ ಕಟಾವು ಮುಗಿಯುವುದು ಮಾರ್ಚ್, ಹೆಚ್ಚೆಂದರೆ ಏಪ್ರಿಲ್. "ಈ ಸಾಲಿನಲ್ಲಿ ಕೊಂಡ ದ್ರಾಕ್ಷಿಗೆ ಬೆಳೆಗಾರರಿಗೆ ಪೂರ್ತಿ ಹಣ ಪಾವತಿಯಾಗಿದೆ" ಅನ್ನುವ ದೃಢೀಕರಣ ಇಲ್ಲದೆ ವೈನರಿ ಲೈಸೆನ್ಸ್ ನವೀಕರಿಸಬಾರದು ಅಂತ ಕೇಳಿ. ದೃಢೀಕರಣ ಕೊಡುವುದು ತಾಲೂಕಿನ ತೋಟಗಾರಿಕೆ ಕಚೇರಿ. ಆಗ ದುಡ್ಡು ದೀಪಾವಳಿವರೆಗೆ ಎಳೆಯಲು ಆಗುವುದಿಲ್ಲ. ಸರ್ಕಾರಕ್ಕೆ ಇದರಿಂದ ಪೈಸೆ ಖರ್ಚಿಲ್ಲ. ಖರ್ಚಿಲ್ಲದ ಬೇಡಿಕೆಗೆ ಅಧಿಕಾರಿಗಳು ಬೇಗ ತಲೆಯಾಡಿಸುತ್ತಾರೆ, ನನ್ನ ಅನುಭವ.

ವೈನರಿಗೆ ಕೊಡುವ ಯಾವುದೇ ರಿಯಾಯಿತಿಗೂ ಇದೇ ಷರತ್ತು ಜೋಡಿಸಿ ಅನ್ನಿ. ಮಹಾರಾಷ್ಟ್ರದಲ್ಲಿ ವೈನ್ ಮೇಲಿನ 20% ವ್ಯಾಟ್‌ನಲ್ಲಿ 16% ವಾಪಸ್ ಕೊಡುವ ಯೋಜನೆ ಇದೆ. ಆ ದುಡ್ಡು ಹೋಗುವುದು ವೈನರಿಯ ಖಾತೆಗೆ. ಅಲ್ಲಿಂದ ತೋಟಕ್ಕೆ ಹರಿಯಬೇಕಾದರೆ ಯಾರಾದರೂ ಕಾಲುವೆ ತೋಡಬೇಕಲ್ಲ.

ಬ್ರಿಕ್ಸ್ ವಿಷಯ. ಸ್ಯಾಂಪಲ್ ಇಬ್ಬರೂ ನಿಂತು ತೆಗೆಯಬೇಕು. ಸಾಲಿನ ಎರಡೂ ಬದಿಯಿಂದ, ಗೊನೆಯ ಮೇಲೆ, ನಡುವೆ, ತುದಿಯಿಂದ ಹಣ್ಣು ಬಿಡಿಸಬೇಕು. ತುದಿಯ ಹಣ್ಣಿಗೂ ಬುಡದ ಹಣ್ಣಿಗೂ ಸಕ್ಕರೆ ಬೇರೆ ಬೇರೆ ಇರುತ್ತದೆ. ಆ ದಿನದ ಅಂಕಿ ಬರೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನೀವು ಇಟ್ಟುಕೊಳ್ಳಿ. "ಬಿಡಿ" ಅಂದರೆ ಎಷ್ಟು ದಿನ, ಆ ಅವಧಿಯಲ್ಲಿ ಮಳೆ ಬಂದರೆ ನಷ್ಟ ಯಾರದು ಅನ್ನುವುದನ್ನೂ ಒಪ್ಪಂದದಲ್ಲಿ ಬರೆಸಿ. ಹವಾಮಾನ ಆಧಾರಿತ ವಿಮೆ ಇದೆ, ರೈತರ ಪಾಲು 5% ಪ್ರೀಮಿಯಂ. ಆದರೆ ಅದು ಮಳೆ ಮಾಪಕದ ಅಂಕಿ ನೋಡುತ್ತದೆ, ನಿಮ್ಮ ತೋಟಕ್ಕೆ ಬಂದು ಬಿರಿದ ಹಣ್ಣು ನೋಡುವುದಿಲ್ಲ. ನಿಮ್ಮ ಹೋಬಳಿಗೆ ದ್ರಾಕ್ಷಿ ಅಧಿಸೂಚಿತವಾಗಿದೆಯೇ (ವಿಮೆಯ ಪಟ್ಟಿಯಲ್ಲಿ ಇದೆಯೇ) ಅಂತ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

---

ಪ್ಲೆಸಂಟನ್_ಕನ್ನಡತಿ ಬರೆದದ್ದು:

ಚಿಕ್ಕಬಳ್ಳಾಪುರದ ಮಗಳು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನಮ್ಮ ಮನೆಯಿಂದ ಹತ್ತಿಪ್ಪತ್ತು ನಿಮಿಷಕ್ಕೆ ಲಿವರ್‌ಮೋರ್ ಕಣಿವೆ. 1883ರಿಂದಲೂ ವೈನ್ ಮಾಡುತ್ತಿರುವ ಜಾಗ. ಸುತ್ತ ಐಟಿ ಊರುಗಳು ಬೆಳೆದು ಬಳ್ಳಿಗಳನ್ನು ನುಂಗುತ್ತಾ ಬಂದಾಗ 1993ರಲ್ಲಿ ಕೌಂಟಿಯವರು (ನಮ್ಮ ಜಿಲ್ಲಾಡಳಿತದ ತರ) ದಕ್ಷಿಣ ಲಿವರ್‌ಮೋರ್‌ಗೇ ಒಂದು ಯೋಜನೆ ಮಾಡಿದರು. ಜಮೀನು ತುಂಡು ಮಾಡಿ ಮನೆ ಕಟ್ಟುವ ಅವಕಾಶ ಬೇಕಿದ್ದವರು ಬಳ್ಳಿ ನೆಟ್ಟು, ಆ ನೆಲವನ್ನು ಶಾಶ್ವತವಾಗಿ ಕೃಷಿಗೇ ಬಿಡುತ್ತೇವೆ ಅಂತ ಬರೆದುಕೊಡಬೇಕು. ಉತ್ತರಕ್ಕೆ ನಾಪಾದಲ್ಲಿ 1968ರಲ್ಲೇ ಕೃಷಿ ಮೀಸಲು ಪ್ರದೇಶ ಮಾಡಿದ್ದರು. 1990ರಲ್ಲಿ ಅಲ್ಲಿನ ಜನ ಮತ ಹಾಕಿ, ಆ ನೆಲವನ್ನು ಬೇರೆ ಬಳಕೆಗೆ ಬದಲಾಯಿಸಬೇಕಾದರೆ ಮತದಾರರನ್ನೇ ಕೇಳಬೇಕು ಅಂತ ಮಾಡಿಕೊಂಡರು.

ಇದನ್ನೆಲ್ಲ ಹಾಗೇ ತಂದು ತೂಬಗೆರೆಗೆ ಅಂಟಿಸಲು ಆಗುವುದಿಲ್ಲ, ಗೊತ್ತು. ಇಲ್ಲಿ 1965ರ ಒಂದು ಕಾಯ್ದೆ ಪ್ರಕಾರ, ಹತ್ತು ವರ್ಷ ಕೃಷಿಯಲ್ಲೇ ಇರುತ್ತೇವೆ ಅಂತ ಒಪ್ಪಂದ ಮಾಡಿಕೊಂಡರೆ ಭೂಮಿ ತೆರಿಗೆ ಕಡಿಮೆ. ನಮ್ಮಲ್ಲಿ ಕಂದಾಯ ಅನ್ನುವುದೇ ಲೆಕ್ಕಕ್ಕಿಲ್ಲ, ಅದನ್ನು ಕಡಿಮೆ ಮಾಡಿದರೆ ಯಾರಿಗೆ ಲಾಭ? ಅದೂ ಅಲ್ಲದೆ ನೆಲ ಉಳಿಸಿದ ಮಾತ್ರಕ್ಕೆ ಹಣ್ಣು ಮಾರಾಟವಾಗುವುದಿಲ್ಲ. 2024ರಲ್ಲಿ ಇಲ್ಲೂ ಕೊಳ್ಳುವವರಿಲ್ಲದೆ ಎಷ್ಟೋ ತೋಟಗಳಲ್ಲಿ ಹಣ್ಣು ಕಟಾವಾಗದೆ ಉಳಿಯಿತು, ಬಳ್ಳಿ ಕಿತ್ತರು.

ಆದರೆ ಒಂದು ವಿಷಯ ನಿಮ್ಮಲ್ಲೂ ಆಗಬಹುದು. ಇಲ್ಲಿ ಅನೇಕ ಕೌಂಟಿಗಳಲ್ಲಿ ತೋಟದ ಪಕ್ಕ ಮನೆ ಕೊಳ್ಳುವವರಿಗೆ ಮೊದಲೇ ಕಾಗದ ಕೊಡುತ್ತಾರೆ: ಪಕ್ಕದಲ್ಲಿ ಕೃಷಿ ನಡೆಯುತ್ತದೆ, ಔಷಧಿ ವಾಸನೆ, ಧೂಳು, ಟ್ರ್ಯಾಕ್ಟರ್ ಸದ್ದು ಇರುತ್ತದೆ ಅಂತ. ಆಮೇಲೆ ದೂರು ಕೊಡಲು ಬಂದರೆ ನಡೆಯುವುದಿಲ್ಲ. ನಿಮ್ಮ ಪಕ್ಕ ಲೇಔಟ್ ಬಂದಿದೆ ಅಂದಿರಲ್ಲ, ನಾಳೆ ನೀವು ಹಕ್ಕಿ ಓಡಿಸಲು ಪಟಾಕಿ ಹೊಡೆದರೆ ಪೊಲೀಸ್ ಬರುತ್ತಾರೆ ನೋಡಿ.

---

ತೂಬಗೆರೆ_ತೋಟ ಬರೆದದ್ದು:

ಅಕ್ಕಾ, ಪೊಲೀಸ್ ಈಗಾಗಲೇ ಬಂದು ಹೋದರು! ಬೆಳಗ್ಗೆ ಆರೂವರೆಗೆ ಪಟಾಕಿ ಅಂತ ದೂರು. ಲೇಔಟಿನಲ್ಲಿ ಇನ್ನೂ ಎರಡೇ ಮನೆ.

ಸಾರ್, ನಿಮ್ಮ ಜೂನ್ ಲೆಕ್ಕ ನೋಡಿ ಅಪ್ಪ "ಇದನ್ನ ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ" ಅಂದರು. ನಿನ್ನೆ ರಾತ್ರಿ ಎಲ್ಲರಿಗೂ ಓದಿ ಹೇಳಿದೆ. ಇಬ್ಬರು ಒಪ್ಪಲಿಲ್ಲ. ವೈನರಿಯವರು ಸಿಟ್ಟಾಗಿ ನಮ್ಮ ಹಣ್ಣೇ ಬೇಡ ಅಂದರೆ ಅಂತ ಭಯ. ಆ ಭಯ ನನಗೂ ಇದೆ. ಅದಕ್ಕೆ ಯಾವ ವೈನರಿಯ ಹೆಸರನ್ನೂ ಹಾಕದೆ, ರಾಜ್ಯದ ಎಲ್ಲ ವೈನರಿಗೂ ಒಂದೇ ನಿಯಮ ಅಂತ ಬರೆದಿದ್ದೇನೆ. ಸರಿಯಾಗಿ ದುಡ್ಡು ಕೊಡುವ ವೈನರಿಯವರಿಗೆ ಇದರಿಂದ ತೊಂದರೆ ಇಲ್ಲ, ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವ ಯೋಚನೆಯೂ ಇದೆ.

ಕರಡು ಹೀಗಿದೆ:

"ದೊಡ್ಡಬಳ್ಳಾಪುರ ತಾಲೂಕಿನ ವೈನ್ ದ್ರಾಕ್ಷಿ ಬೆಳೆಗಾರರಾದ ನಾವು ಕೇಳಿಕೊಳ್ಳುವುದೇನೆಂದರೆ, ವೈನ್ ದ್ರಾಕ್ಷಿಗೆ ವೈನರಿ ಬಿಟ್ಟರೆ ಬೇರೆ ಮಾರುಕಟ್ಟೆ ಇಲ್ಲ. ಆದ್ದರಿಂದ ವೈನರಿ ಲೈಸೆನ್ಸ್ ನವೀಕರಣಕ್ಕೆ ಮೊದಲು ಬೆಳೆಗಾರರಿಗೆ ಪೂರ್ತಿ ಹಣ ಸಂದಾಯವಾದ ಬಗ್ಗೆ ತೋಟಗಾರಿಕೆ ಇಲಾಖೆಯ ದೃಢೀಕರಣ ಕಡ್ಡಾಯ ಮಾಡಬೇಕು. ಸಕ್ಕರೆ ಅಂಶದ ಪರೀಕ್ಷೆ ಮತ್ತು ತೂಕ ಬೆಳೆಗಾರರ ಎದುರಿಗೇ ನಡೆದು, ಸಹಿ ಮಾಡಿದ ಚೀಟಿ ಕೊಡಬೇಕು. ದ್ರಾಕ್ಷಿ ತೋಟಗಳ ಪಕ್ಕದ ಲೇಔಟ್‌ಗಳಿಗೆ ಅನುಮೋದನೆ ನೀಡುವಾಗ, ನಿವೇಶನ ಕೊಳ್ಳುವವರಿಗೆ ಕೃಷಿ ಚಟುವಟಿಕೆಯ ಬಗ್ಗೆ ಲಿಖಿತವಾಗಿ ತಿಳಿಸುವ ಷರತ್ತು ಹಾಕಬೇಕು."

ಮೂರೇ ಬೇಡಿಕೆ. ಡ್ರಿಪ್‌ನವರಿಗೆ ಬೇರೆ ಅರ್ಜಿ ಬರೆದುಕೊಡುತ್ತೇನೆ ಅಂತ ಸಮಾಧಾನ ಮಾಡಿದ್ದೇನೆ.

---

ಮಣೂಕದ_ಮಾವ ಬರೆದದ್ದು:

ಭೇಷ್ ತಂಗೀ. "ಪೂರ್ತಿ ಹಣ" ಅಂತ ಬರೆದದ್ದು ಒಳ್ಳೆಯದಾಯ್ತು. ಇಲ್ಲದಿದ್ದರೆ ಅರ್ಧ ಕೊಟ್ಟು ಸಂದಾಯ ಆಯ್ತು ಅಂದುಬಿಡುತ್ತಾರೆ. ತಡವಾದರೆ ಬಡ್ಡಿ ಅನ್ನುವ ಒಂದು ಸಾಲು ಸೇರಿಸು. ಸಿಗದಿದ್ದರೂ ಚೌಕಾಸಿಗೆ ಬಿಟ್ಟುಕೊಡಲಿಕ್ಕೆ ಕೈಯಲ್ಲಿ ಏನಾದರೂ ಇರಬೇಕು.

---

ನಿವೃತ್ತ_ತೋಟಗಾರಿಕೆ ಬರೆದದ್ದು:

ಚೆನ್ನಾಗಿದೆಯಮ್ಮ. ಎರಡು ಮಾತು. ಒಂದು, ಸಚಿವರಿಗೆ ಕೊಡುವ ಮೊದಲು ಇದನ್ನೇ ಗ್ರಾಮಸಭೆಯಲ್ಲಿ ಇಟ್ಟು ನಿರ್ಣಯ ಮಾಡಿಸಿ, ನಡಾವಳಿಯ ಪ್ರತಿ ಲಗತ್ತಿಸಿ. ಬರೀ ಬೆಳೆಗಾರರ ಸಹಿಗಿಂತ ಪಂಚಾಯಿತಿ ನಿರ್ಣಯಕ್ಕೆ ತೂಕ ಜಾಸ್ತಿ. ಎರಡು, ಲೇಔಟಿನ ಬೇಡಿಕೆಯ ಪ್ರತಿ ಯೋಜನಾ ಪ್ರಾಧಿಕಾರಕ್ಕೆ ಹೋಗಬೇಕು, ಲೈಸೆನ್ಸಿನದು ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ. ಎರಡೂ ಕಡೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. "ಆಮೇಲೆ ಹಾಕಿಕೊಡ್ತೀವಿ" ಅಂದರೆ ಕೂತುಕೊಳ್ಳಿ, ಎದ್ದು ಬರಬೇಡಿ.